ಎಣ್ಣೆ ಕುಡಿದ ಓಲೆಗರಿ ಓದಲು ಇನ್‌ಫ್ರಾರೆಡ್ ಕ್ಯಾಮೆರಾ: ಮೂರು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದು ಮದುವೆ ಫೋಟೋ ತೆಗೆಯುವ ಕ್ಯಾಮೆರಾ ಅಲ್ಲ, ಇದರಲ್ಲಿ ಹಸಿರು ಮರ ಬೆಳ್ಳಗೆ ಕಾಣುತ್ತದೆ, ಕಪ್ಪು ಅಂಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ನಮ್ಮ ಮನೆಗೆ ಬಂದದ್ದು ಒಂದೇ ಕೆಲಸಕ್ಕೆ: ಕಪ್ಪಾಗಿ ಹೋದ ಓಲೆಗರಿಯಲ್ಲಿ ಏನು ಬರೆದಿದೆ ಅಂತ ನೋಡಲು. ಆ ಕೆಲಸಕ್ಕೆ ಮಾತ್ರ ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಪೂರ್ತಿ ನಾಲ್ಕು ಯಾಕಿಲ್ಲ ಅಂತ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಓಲೆಗರಿ ಕಟ್ಟು ಒಂದಿತ್ತು. 44 ಗರಿ, ಎರಡು ಮರದ ಹಲಗೆ, ನಡುವೆ ದಾರ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಇಳಿಸುವುದು, ಪೂಜೆ ಮಾಡುವುದು, ಎಣ್ಣೆ ಸವರಿ ಮತ್ತೆ ಮೇಲಿಡುವುದು. ಅಜ್ಜಿ ಇರುವವರೆಗೆ ಕೊಬ್ಬರಿ ಎಣ್ಣೆ, ಆಮೇಲೆ ದೊಡ್ಡಮ್ಮ ಕೈಗೆ ಸಿಕ್ಕಿದ ಎಣ್ಣೆ. ಹಾಳಾಗಬಾರದು ಅಂತ ಹಚ್ಚಿದ್ದೇ, ಯಾರನ್ನೂ ಬೈಯುವ ಹಾಗಿಲ್ಲ. ಆದರೆ ಎಷ್ಟೋ ವರ್ಷದ ಎಣ್ಣೆ ಕುಡಿದು ಗರಿಗಳು ಹಳೇ ಚಪ್ಪಲಿ ಚರ್ಮದ ಬಣ್ಣಕ್ಕೆ ಬಂದಿದ್ದವು. ಅಕ್ಷರ ಇದೆ ಅಂತ ಉಗುರಿಗೆ ಗೊತ್ತಾಗುತ್ತದೆ, ಕಣ್ಣಿಗೆ ಇಲ್ಲ. ಏನು ಬರೆದಿದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ದೊಡ್ಡಪ್ಪನ ಪ್ರಕಾರ ರಾಮಾಯಣ, ಪಕ್ಕದ ಮನೆಯವರ ಪ್ರಕಾರ ಮಾಟ-ಮಂತ್ರ!

ಕ್ಯಾಮೆರಾ ತಗೊಳ್ಳುವ ಯೋಚನೆ ಬಂದದ್ದು ಉಡುಪಿಯ ಕಥೆ ಓದಿದ ಮೇಲೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಹಳೆಯ ತಾಳೆಗರಿ ಪ್ರತಿಯೊಂದು ಅಲ್ಲಿನ ಮಠದಲ್ಲಿದೆ. 36 ಕೃತಿಗಳು. ಒಂದೊಂದು ಗರಿ 26 ಇಂಚು ಉದ್ದ, 2 ಇಂಚು ಅಗಲ. ಅಲ್ಲೂ ಇದೇ ಕಥೆ, ಕಾಲ ಅರ್ಧ ಹಾಳು ಮಾಡಿತ್ತು, ಹಚ್ಚಿದ ಎಣ್ಣೆ ಇನ್ನರ್ಧ ಮಾಡಿತ್ತು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರೊಫೆಸರ್ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ತಂಡ 2006ರಲ್ಲಿ ಬಂದು ಆರು ದಿನ ಕೂತು ಫೋಟೋ ತೆಗೆಯಿತು. ಒಂದೊಂದು ಗರಿಯ ಎರಡೂ ಬದಿಯನ್ನು ಎಂಟು-ಹತ್ತು ತುಂಡಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿದರು. ಒಟ್ಟು 7 ಸಾವಿರಕ್ಕೂ ಹೆಚ್ಚು ಚಿತ್ರ. ಕೊನೆಗೆ ಸಿಲಿಕಾನ್ ಬಿಲ್ಲೆಗಳ ಮೇಲೂ ಅಚ್ಚು ಹಾಕಿಟ್ಟರು, ಬೆಂಕಿ-ನೀರಿಗೆ ಅಷ್ಟು ಬೇಗ ಹಾಳಾಗದಿರಲಿ ಅಂತ. ಇದೇ ಈಸ್ಟನ್ ಅವರು ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿ ಆರ್ಕಿಮಿಡೀಸ್‌ನ ಹಸ್ತಪ್ರತಿಯ ಮೇಲೂ ಕೆಲಸ ಮಾಡಿದವರು.

ಇವೆಲ್ಲ ದೊಡ್ಡವರ ಕೆಲಸ ಅಂತ ಅಲ್ಲಿಗೇ ಬಿಡಬಹುದಿತ್ತು. ಆದರೆ ಉಡುಪಿಯಲ್ಲಿ ಬಳಸಿದ್ದು ಒಂದು ಒಳ್ಳೆಯ ಡಿಜಿಟಲ್ ಕ್ಯಾಮೆರಾ ಮತ್ತು ಒಂದು ಇನ್‌ಫ್ರಾರೆಡ್ ಫಿಲ್ಟರ್. ಅಷ್ಟೇನಾ ಅಂತ ಅನ್ನಿಸಿತು. ಅಲ್ಲಿಂದ ನನ್ನ ದುಡ್ಡಿಗೆ ಕಾಲು ಬಂತು.

ವಿಷಯ ಸರಳ. ಓಲೆಗರಿ ಬರೆಯುವವರು ಕಬ್ಬಿಣದ ಕಂಟದಲ್ಲಿ, ಅಂದರೆ ಚೂಪಾದ ಕಡ್ಡಿಯಲ್ಲಿ, ಗೀರುತ್ತಿದ್ದರು, ಮಸಿ ಅದ್ದಿ ಬರೆಯುತ್ತಿರಲಿಲ್ಲ. ಗೀರಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಸೊಪ್ಪಿನ ರಸದಲ್ಲೋ ಕಲಸಿ ಗರಿಯ ತುಂಬ ತಿಕ್ಕಿ ಒರೆಸಿಬಿಡುವುದು, ಗೀರಿನೊಳಗೆ ಕಪ್ಪು ಕೂರುತ್ತದೆ, ಮೇಲಿನದು ಹೋಗುತ್ತದೆ. ಕಾಡಿಗೆ ಅಂದರೆ ಕಾರ್ಬನ್. ಅದು ಯಾವ ಬೆಳಕು ಬಿದ್ದರೂ ನುಂಗುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನೂ, ಕಾಣದ ಇನ್‌ಫ್ರಾರೆಡ್ ಬೆಳಕನ್ನೂ. ಆದರೆ ಎಣ್ಣೆ ಕುಡಿದು ಕಂದಾದ ಗರಿ ಹಾಗಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ನುಂಗುತ್ತದೆ, ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕೊಡುತ್ತದೆ. ಹಾಗಾಗಿ ಇನ್‌ಫ್ರಾರೆಡ್ ಫೋಟೋದಲ್ಲಿ ಗರಿ ಬಿಳಿಯಾಗುತ್ತದೆ, ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ. 1950ರ ದಶಕದಲ್ಲೇ ಮೃತ ಸಮುದ್ರದ ಸುರುಳಿಗಳನ್ನು (ಆ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಪ್ರಾಚೀನ ಯೆಹೂದಿ ಹಸ್ತಪ್ರತಿಗಳು) ಇದೇ ಉಪಾಯದಲ್ಲಿ, ಫಿಲ್ಮ್ ಹಾಕಿ ತೆಗೆದಿದ್ದರು.

ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಏನಾದರೂ ಬರೆಯಿರಿ, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಚೆನ್ನಾಗಿ ಗೀಚಿ ಮುಚ್ಚಿ. ಇನ್‌ಫ್ರಾರೆಡ್‌ನಲ್ಲಿ ಬಹುತೇಕ ಬಾಲ್ ಪೆನ್ನಿನ ಶಾಯಿ ಮಾಯ, ಪೆನ್ಸಿಲ್ ಬರಹ ಹಾಗೇ ಇರುತ್ತದೆ. ನನ್ನ ಮಗಳು ಇದನ್ನು ನೋಡಿದ ಮೇಲೆ ಡೈರಿಯನ್ನು ಪೆನ್ಸಿಲ್‌ನಲ್ಲಿ ಬರೆಯುವುದನ್ನು ಬಿಟ್ಟಿದ್ದಾಳೆ.

ಈಗ ಸಾಮಾನಿನ ವಿಷಯಕ್ಕೆ ಬರುತ್ತೇನೆ. ಯಾವ ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ಗೂ ಇನ್‌ಫ್ರಾರೆಡ್ ಕಾಣುತ್ತದೆ, ಆದರೆ ಬಣ್ಣ ಕೆಡದಿರಲಿ ಅಂತ ಕಂಪನಿಯವರು ಸೆನ್ಸರ್ ಮುಂದೆ ಅದನ್ನು ತಡೆಯುವ ಗಾಜು ಕೂರಿಸಿರುತ್ತಾರೆ. ಆ ಗಾಜು ತೆಗೆದು ಸಾದಾ ಗಾಜು ಹಾಕುವುದಕ್ಕೆ ಫುಲ್ ಸ್ಪೆಕ್ಟ್ರಮ್ ಮಾಡಿಸುವುದು ಅಂತಾರೆ. ನಾನು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದನ್ನು 13,000 ರೂಪಾಯಿಗೆ ತಗೊಂಡೆ. ಗಾಜು ಬದಲಿಸಲು 9,000. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಮಾತ್ರ ಬಿಡುವ 720 ನ್ಯಾನೋಮೀಟರ್ ಫಿಲ್ಟರ್‌ಗೆ 2,800 (ನ್ಯಾನೋಮೀಟರ್ ಅಂದರೆ ಬೆಳಕಿನ ಅಲೆಯ ಉದ್ದದ ಅಳತೆ). ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಸಿಟಿವಿಗೆ ರಾತ್ರಿ ಹೊತ್ತು ಹಾಕುವ 850 ನ್ಯಾನೋಮೀಟರ್ ಎಲ್‌ಇಡಿ ದೀಪ ಎರಡು, ಒಂದಕ್ಕೆ 650. ಕ್ಯಾಮೆರಾ ಕೆಳಮುಖವಾಗಿ ನಿಲ್ಲಲು ಊರಿನ ಆಚಾರ್ರ ಹತ್ತಿರ ಮರದ ಸ್ಟ್ಯಾಂಡ್ ಮಾಡಿಸಿದೆ, 1,200. ಎಲ್ಲ ಸೇರಿ 27,300.

ಇದರಲ್ಲಿ ಫಿಲ್ಟರ್ ದುಡ್ಡು ದಂಡ. ಯಾರೂ ಹೇಳದ ವಿಷಯ ಇದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ರಾತ್ರಿ ಕೋಣೆಯ ದೀಪ ಆರಿಸಿ, ಕಿಟಕಿ ಮುಚ್ಚಿ, 850ರ ದೀಪ ಮಾತ್ರ ಹಚ್ಚಿದರೆ ಅಲ್ಲಿ ಬೇರೆ ಬೆಳಕೇ ಇರುವುದಿಲ್ಲ, ತಡೆಯಲು ಏನಿದೆ? ಹಗಲು ಬೆಳಕಿನಲ್ಲಿ 720ರ ಫಿಲ್ಟರ್ ಹಾಕಿ ತೆಗೆದದ್ದಕ್ಕಿಂತ ಕತ್ತಲಲ್ಲಿ ಬರೀ ದೀಪದಲ್ಲಿ ತೆಗೆದದ್ದೇ ಚೆನ್ನಾಗಿ ಬಂತು. 720ರ ಹತ್ತಿರ ಎಣ್ಣೆಯ ಕಲೆ ಇನ್ನೂ ಸ್ವಲ್ಪ ಉಳಿದಿರುತ್ತದೆ, 850ಕ್ಕೆ ಹೋದರೆ ಅದು ಬಿಟ್ಟುಕೊಡುತ್ತದೆ. ಹಳೇ ಹ್ಯಾಲೊಜೆನ್ ಬಲ್ಬ್ ಹಾಕಿ ಅಂತ ಕೆಲವರು ಸಲಹೆ ಕೊಟ್ಟರು. ಬೇಡ. ಅದರಲ್ಲಿ ಇನ್‌ಫ್ರಾರೆಡ್ ಧಾರಾಳ ಇದೆ, ಜೊತೆಗೆ ಕಾವೂ ಇದೆ. ಒಣಗಿದ ಗರಿಗೆ ಕಾವು ಕೊಟ್ಟರೆ ಹಪ್ಪಳ ಸುಟ್ಟ ಹಾಗೆ ಸುರುಟಿಕೊಳ್ಳುತ್ತದೆ.

ಗಾಜು ಬದಲಿಸಿಕೊಟ್ಟವರ ಬಗ್ಗೆ ಒಂದು ದೂರು ಇದೆ, ಹೆಸರು ಹೇಳುವುದಿಲ್ಲ. ಮೊದಲ ಸಲ ಬಂದಾಗ ಒಳಗೆ ದೂಳು ಸೇರಿತ್ತು, ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಮೂರು ಚುಕ್ಕೆ. ಸಾಮಾನ್ಯ ಫೋಟೋದಲ್ಲಿ ಇದು ದೊಡ್ಡ ವಿಷಯ ಅಲ್ಲ, ಆದರೆ ನಾನು ಅದನ್ನು ಅನುಸ್ವಾರ ಅಂದುಕೊಂಡು ಅರ್ಧ ದಿನ ಕಳೆದಿದ್ದೇನೆ! ವಾಪಸ್ ಕಳಿಸಿ ಸರಿಮಾಡಿಸಿಕೊಳ್ಳಲು ಮೂರು ವಾರ ಹೋಯಿತು. ನೀವು ಮಾಡಿಸಿದರೆ ಬಿಳಿ ಹಾಳೆಯ ಫೋಟೋ ಒಂದನ್ನು ಅಂಗಡಿಯಲ್ಲೇ ತೆಗೆದು ನೋಡಿಕೊಂಡು ಬನ್ನಿ.

ಫೋಕಸ್ ಇನ್ನೊಂದು ತಲೆನೋವು. ಇನ್‌ಫ್ರಾರೆಡ್ ಬೆಳಕು ಲೆನ್ಸ್‌ನಲ್ಲಿ ಬೇರೆ ಜಾಗಕ್ಕೆ ಬಂದು ಸೇರುತ್ತದೆ, ಆಟೋಫೋಕಸ್ ನಂಬಿದರೆ ಎಲ್ಲ ಮಸುಕು. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಕೈಯಲ್ಲೇ ತಿರುಗಿಸಬೇಕು. ಕೆಲವು ಲೆನ್ಸ್‌ಗಳಲ್ಲಿ ಫೋಟೋದ ಮಧ್ಯೆ ಬೆಳ್ಳಗೆ ಗುಂಡಗಿನ ಕಲೆ ಬರುತ್ತದೆ. ನನ್ನ ಹತ್ತಿರ ಇದ್ದ ಎರಡರಲ್ಲಿ ಒಂದು ಹಾಗೆ. ಗರಿಯ ಕೆಳಗೆ ಹಾಸಲು ಕಪ್ಪು ಬಟ್ಟೆ ತಂದಿದ್ದೆ, ಇನ್‌ಫ್ರಾರೆಡ್‌ನಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿ ಗರಿಯ ಅಂಚು ಎಲ್ಲಿದೆ ಅಂತಲೇ ತಿಳಿಯದೆ ಹೋಯಿತು. ಕೊನೆಗೆ ಲೇಸರ್ ಪ್ರಿಂಟರ್‌ನಲ್ಲಿ ಒಂದು ಹಾಳೆ ಪೂರ್ತಿ ಕಪ್ಪು ಹೊಡೆಸಿ ಹಾಸಿದೆ. ಟೋನರ್ ಪುಡಿಯಲ್ಲಿ ಕಾರ್ಬನ್ ಇರುತ್ತಲ್ಲ, ಅದು ಕಪ್ಪಾಗಿಯೇ ಉಳಿಯಿತು. ಎರಡು ರೂಪಾಯಿ ಪರಿಹಾರ.

ಹೀಗೆ ಒಂದು ಗರಿಗೆ ಒಂದು ಬದಿಗೆ ಮೂರು ಫೋಟೋ. 44 ಗರಿ, ಎರಡು ಬದಿ, ಒಟ್ಟು 264. ನಾಲ್ಕು ರಾತ್ರಿ ಹಿಡಿಯಿತು. ಗರಿ ಎತ್ತುವುದು, ಮೆತ್ತಗಿನ ಬ್ರಶ್‌ನಲ್ಲಿ ದೂಳು ಹೊಡೆಯುವುದು, ಇಡುವುದು, ಉಸಿರು ಬಿಗಿಹಿಡಿದು ರಿಮೋಟ್ ಒತ್ತುವುದು. ಬೆನ್ನು, ಸೊಂಟ, ಕುತ್ತಿಗೆ ಮೂರೂ ಹೋದವು. ಹಳೇ ಹಸ್ತಪ್ರತಿಗಳ ಕೊನೆಯಲ್ಲಿ ಬರೆದವರು ತಮ್ಮ ಬೆನ್ನು-ಸೊಂಟ-ಕುತ್ತಿಗೆ ಮುರಿದ ಕಷ್ಟವನ್ನೇ ಶ್ಲೋಕ ಮಾಡಿ ಬರೆದಿಟ್ಟಿರುತ್ತಾರೆ. ಸುಮ್ನೆ ಬರೆದದ್ದಲ್ಲ ಅಂತ ಈಗ ಗೊತ್ತಾಯಿತು.

ಫಲಿತಾಂಶ? ಮೊದಲ ಒಳ್ಳೆಯ ಫೋಟೋ ಬಂದದ್ದು 17ನೇ ಗರಿಯದು. ಕಣ್ಣಿಗೆ ಅದು ಬೆಲ್ಲದ ಅಚ್ಚಿನ ಹಾಗೆ ಒಂದೇ ಬಣ್ಣ. ಪರದೆಯ ಮೇಲೆ ಗರಿ ಹಾಲಿನ ಹಾಗೆ ಬಿಳಿಯಾಗಿ, ಅದರ ಮೇಲೆ ಐದು ಸಾಲು ಅಕ್ಷರ, ಜೋಳದ ಕಾಳಿನಷ್ಟು ದುಂಡಗೆ. ದಾರದ ತೂತಿನ ಸುತ್ತ ಬರೆದವರು ಚೌಕ ಜಾಗ ಬಿಟ್ಟಿದ್ದರು, ಅದೂ ಕಂಡಿತು. ರಾತ್ರಿ ಹನ್ನೊಂದು ಗಂಟೆಗೆ ದೊಡ್ಡಪ್ಪನನ್ನು ಎಬ್ಬಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಐದು ನಿಮಿಷ ನೋಡಿ, "ಇದು ನಮ್ಮನೇದೇನಾ ಮಾರಾಯ" ಅಂದರು.

ಫುಲ್ ಸ್ಪೆಕ್ಟ್ರಮ್ ಮಾಡಿಸಿದ್ದರ ನಿಜವಾದ ಲಾಭ ಇನ್ನೊಂದು. ಬಿಳಿ ಎಲ್‌ಇಡಿಯಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕ್ಯಾಮೆರಾ ಅಲುಗಿಸದೆ ಒಂದು ಸಲ ಬಿಳಿ ದೀಪದಲ್ಲಿ, ಇನ್ನೊಂದು ಸಲ ಇನ್‌ಫ್ರಾರೆಡ್ ದೀಪದಲ್ಲಿ ತೆಗೆದು, ಗಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇನ್‌ಫ್ರಾರೆಡ್ ಚಿತ್ರವನ್ನು ಕೆಂಪಿನ ಜಾಗದಲ್ಲಿ, ಸಾಮಾನ್ಯ ಚಿತ್ರವನ್ನು ಹಸಿರು-ನೀಲಿ ಜಾಗದಲ್ಲಿ ಕೂರಿಸಿದರೆ ಮಜಾ ನೋಡಿ. ಎಣ್ಣೆ ಕುಡಿದ ಜಾಗವೆಲ್ಲ ಕೆಂಪು, ಕಾಡಿಗೆ ಇರುವ ಅಕ್ಷರ ಮಾತ್ರ ಕಪ್ಪು. ಯಾವುದು ಕಲೆ, ಯಾವುದು ಒತ್ತಕ್ಷರ ಅನ್ನುವ ಜಗಳ ಅಲ್ಲಿಗೆ ಮುಗಿಯಿತು.

ಇನ್ನು ಸೋತ ಕಡೆ. ಕಟ್ಟಿನ ಮೇಲಿನ ಮೂರು ಗರಿ, ಕೆಳಗಿನ ಎರಡು ಗರಿ, ಇವುಗಳಲ್ಲಿ ಕ್ಯಾಮೆರಾ ಏನೂ ಮಾಡಲಿಲ್ಲ. ಕಾರಣ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ಕಟ್ಟು ಇದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ ಅಲ್ವಾ? ಹುಳ ಬರಬಾರದು ಅಂತಲೇ ಅಲ್ಲಿಡುತ್ತಿದ್ದರು. ವರ್ಷಗಟ್ಟಲೆ ಒಲೆ ಹೊಗೆಯ ಮಸಿ ಹೊರಗಿನ ಗರಿಗಳ ಮೇಲೆ ಕೂತಿದೆ. ಅದೂ ಕಾರ್ಬನ್, ಅಕ್ಷರದಲ್ಲಿರುವುದೂ ಕಾರ್ಬನ್. ಕ್ಯಾಮೆರಾಕ್ಕೆ ಎರಡೂ ಒಂದೇ. ಇಟಲಿಯ ಹಳೇ ರೋಮನ್ ಊರು ಹರ್ಕ್ಯುಲೇನಿಯಮ್‌ನ ಸುರುಳಿಗಳದ್ದು ಇದರ ದೊಡ್ಡಪ್ಪನಂಥ ಸಮಸ್ಯೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಸುಟ್ಟು ಇದ್ದಿಲಾದ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ), ಅದರ ಮೇಲೆ ಇದ್ದಿಲಿನ ಶಾಯಿ, ಅದೂ ಬಿಚ್ಚಲಾಗದ ಸುರುಳಿ. ಅದನ್ನು ಎಕ್ಸ್‌-ರೇಯಲ್ಲಿ ಪದರ ಪದರವಾಗಿ ಸ್ಕ್ಯಾನ್ ಮಾಡಿ, ಶಾಯಿ ಕೂತ ಕಡೆ ಮೇಲ್ಮೈ ಬಿರುಕು ಬಿಟ್ಟಿರುವ ರೀತಿಯನ್ನು ಕಂಪ್ಯೂಟರಿಗೆ ಕಲಿಸಿ, 2023ರಲ್ಲಿ ಮೊದಲ ಪದ ಓದಿದರು, 'ನೇರಳೆ ಬಣ್ಣ' ಅನ್ನುವ ಅರ್ಥದ ಗ್ರೀಕ್ ಪದ. ಓದಿದವರಲ್ಲಿ ಮೊದಲಿಗ 21 ವರ್ಷದ ಕಾಲೇಜು ಹುಡುಗ. ನನ್ನ 27 ಸಾವಿರದ ಸೆಟ್ಟಿಗೆ ಅದು ಆಗದ ಮಾತು. ಈ 44 ಅಲ್ಲದೆ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಗರಿಯೂ ನಮ್ಮಲ್ಲಿತ್ತು, ಬಿಡಿಸಲು ಹೋಗಲಿಲ್ಲ, ಹಾಗೇ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ.

ಇನ್ನೊಂದು ರೀತಿಯ ಗರಿಗಳಿದ್ದವು. ಗೀರು ಇದೆ, ಆದರೆ ಅದರಲ್ಲಿ ಕಾಡಿಗೆ ಇಲ್ಲ, ಉದುರಿಹೋಗಿದೆಯೋ ಮೊದಲೇ ಹಚ್ಚಿರಲಿಲ್ಲವೋ. ಇನ್‌ಫ್ರಾರೆಡ್‌ನಲ್ಲಿ ಪೂರ್ತಿ ಬಿಳಿ, ಏನೂ ಇಲ್ಲ. ಕ್ಯಾಮೆರಾ ಪಕ್ಕಕ್ಕಿಟ್ಟು, ಮಾಮೂಲಿ ಟಾರ್ಚನ್ನು ಗರಿಯ ಮಟ್ಟಕ್ಕೆ ಮಲಗಿಸಿ ಒಂದು ಬದಿಯಿಂದ ಹಾಯಿಸಿದರೆ ಗೀರಿನ ನೆರಳು ಬಿದ್ದು ಅಕ್ಷರ ಎದ್ದು ಬಂತು. 150 ರೂಪಾಯಿ ಟಾರ್ಚು! ಅದಕ್ಕೇ ಯಾರಾದರೂ ಕೇಳಿದರೆ ಮೊದಲು ಟಾರ್ಚು ಹಿಡಿದು ನೋಡಿ ಅಂತಲೇ ಹೇಳುತ್ತೇನೆ.

ಪಕ್ಕದೂರಿನ ಸ್ನೇಹಿತರೊಬ್ಬರು ವಿಷಯ ಕೇಳಿ ತಮ್ಮ ಮನೆಯ ಕಡತ ತಂದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದು, ಮಡಚಿ ಇಡುತ್ತಿದ್ದ ಲೆಕ್ಕದ ಪುಸ್ತಕ. ಅಲ್ಲಿ ಹಿನ್ನೆಲೆಯೇ ಇದ್ದಿಲು, ಅಕ್ಷರ ಬಿಳಿ. ಬಳಪ ಅಳಿಸಿಹೋದ ಕಡೆ ಇನ್‌ಫ್ರಾರೆಡ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪಾಪ, ಅವರಿಗೆ ಬೇಜಾರಾಯಿತು, ಕಾಫಿ ಕುಡಿಸಿ ಕಳಿಸಿದೆವು. ಕಬ್ಬಿಣದ ಅಂಶದ ಶಾಯಿಯಲ್ಲಿ ಬರೆದ ಹಳೇ ಯುರೋಪಿನ ಹಸ್ತಪ್ರತಿಗಳಿಗೂ ಇದು ಆಗಿಬರುವುದಿಲ್ಲ, ಆ ಶಾಯಿ ಇನ್‌ಫ್ರಾರೆಡ್‌ನಲ್ಲಿ ಮಾಸಿಹೋಗುತ್ತದೆ. ಆರ್ಕಿಮಿಡೀಸ್ ಪ್ರತಿಯನ್ನು ಹಾಗಾಗಿಯೇ ಅಲ್ಟ್ರಾವಯೊಲೆಟ್ ದೀಪದಲ್ಲಿ ನೋಡಿದರು, ಅದಕ್ಕೂ ಬಗ್ಗದ ಪುಟಗಳಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಕ್ಸ್‌-ರೇ ಹಾಯಿಸಿ ಶಾಯಿಯ ಕಬ್ಬಿಣ ಎಲ್ಲೆಲ್ಲಿದೆ ಅಂತ ನಕ್ಷೆ ತೆಗೆದರು. ಅಂದರೆ ಯಾವ ದೀಪ ಬೇಕು ಅಂತ ಆಯ್ದುಕೊಳ್ಳುವ ಮೊದಲು ಶಾಯಿ ಯಾವುದು ಅಂತ ತಿಳಿದಿರಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ, "ಎಲ್ಲಾ ಹಳೇ ಬರಹ ಕಾಣುತ್ತೆ ಸರ್" ಅಂತಾರೆ.

ಫೋಟೋ ಬಂದರೂ ನನಗೆ ಓದಲು ಬರಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಪದಗಳ ನಡುವೆ ಜಾಗ ಇಲ್ಲ. ಎ-ಏ, ಒ-ಓ ಎಲ್ಲ ಒಂದೇ. ಪ್ರತಿ ಅಕ್ಷರವೂ ಪಕ್ಕದವನ ಹೆಗಲ ಮೇಲೆ ಕೈ ಹಾಕಿಕೊಂಡಿದೆ. ಊರಿನ ನಿವೃತ್ತ ಕನ್ನಡ ಮೇಷ್ಟ್ರ ಹತ್ತಿರ ಲ್ಯಾಪ್‌ಟಾಪ್ ತಗೊಂಡು ಹೋದೆ. ಎರಡು ಸಾಲು ತಡವರಿಸಿದರು, ಮೂರನೆಯದಕ್ಕೆ ಬೆರಳಲ್ಲಿ ತಾಳ ಹಾಕಲು ಶುರು ಮಾಡಿದರು, "ವಾರ್ಧಕ ಷಟ್ಪದಿ ಕಣಯ್ಯಾ ಇದು" ಅಂದವರೇ ರಾಗವಾಗಿ ಹೇಳತೊಡಗಿದರು. ಲಕ್ಷ್ಮೀಶನ ಜೈಮಿನಿ ಭಾರತ, ಚಂದ್ರಹಾಸನ ಕಥೆಯ ಭಾಗ. ರಾಮಾಯಣವೂ ಅಲ್ಲ, ಮಾಟವೂ ಅಲ್ಲ.

ಆದರೆ ಒಂದು ತಮಾಷೆ ನಡೆಯಿತು. ಮೇಷ್ಟ್ರಿಗೆ ಪದ್ಯ ಬಾಯಿಪಾಠ. ಗರಿಯಲ್ಲಿ ಏನಿದೆ ಅಂತ ನೋಡುವ ಮೊದಲೇ ಅವರ ಬಾಯಿ ಮುಂದೆ ಹೋಗುತ್ತಿತ್ತು. ಒಂದು ಕಡೆ ನಾನು, "ಮೇಷ್ಟ್ರೇ, ಅಲ್ಲಿ ನೀವು ಹೇಳಿದ್ದಕ್ಕಿಂತ ಒಂದು ಅಕ್ಷರ ಜಾಸ್ತಿ ಇದೆಯಲ್ಲ" ಅಂದೆ. ದೊಡ್ಡದು ಮಾಡಿ ನೋಡಿದರು. ನಿಜಕ್ಕೂ ಗರಿಯಲ್ಲಿ ಪದ ಬೇರೆಯೇ ಇತ್ತು. ಬರೆದವರ ತಪ್ಪೋ, ಅವರ ಮುಂದಿದ್ದ ಪ್ರತಿಯಲ್ಲೇ ಹಾಗಿತ್ತೋ, ಮೇಷ್ಟ್ರು ಇನ್ನೂ ಅದನ್ನೇ ಹಿಡಿದು ಕೂತಿದ್ದಾರೆ. ಈ ಒಂದು ಅಕ್ಷರಕ್ಕಾದರೂ ಕ್ಯಾಮೆರಾ ದುಡ್ಡು ಬಂತು ಅಂತ ನನ್ನ ಲೆಕ್ಕ, ಹೆಂಡತಿಯ ಲೆಕ್ಕ ಬೇರೆ ಇದೆ.

ಕೊನೆಯ ಬರಹದ ಗರಿ ಎಲ್ಲಕ್ಕಿಂತ ಜಾಸ್ತಿ ಎಣ್ಣೆ ಕುಡಿದಿತ್ತು. ಅದರ ಕೊನೆಯಲ್ಲಿ ಬರೆದವರು ಒಂದು ಸಂಸ್ಕೃತ ಶ್ಲೋಕ ಹಾಕಿದ್ದರು. ಅರ್ಧ ಗರಿ ಮುರಿದಿತ್ತು, ಆದರೆ ಶ್ಲೋಕ ಪ್ರಸಿದ್ಧವಾದದ್ದು, ದೇಶದ ಉದ್ದಗಲಕ್ಕೆ ಹಸ್ತಪ್ರತಿಗಳ ಕೊನೆಯಲ್ಲಿ ಸಿಗುತ್ತದೆ: "ತೈಲಾದ್ರಕ್ಷೇತ್ ಜಲಾದ್ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್, ಮೂರ್ಖಹಸ್ತೇ ನ ದಾತವ್ಯಂ ಏವಂ ವದತಿ ಪುಸ್ತಕಂ." ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ದಡ್ಡರ ಕೈಗೆ ಕೊಡಬೇಡ, ಹೀಗಂತ ಪುಸ್ತಕ ಹೇಳುತ್ತದೆ. ಮೇಷ್ಟ್ರು ಅರ್ಥ ಹೇಳಿ ನಮ್ಮ ಮುಖ ನೋಡಿದರು. ದೊಡ್ಡಪ್ಪ ಜೋರಾಗಿ ನಕ್ಕುಬಿಟ್ಟರು, ದೊಡ್ಡಮ್ಮ ನಗಲಿಲ್ಲ.

ತಗೊಳ್ಳಬೇಕಾ ಅಂತ ಕೇಳಿದರೆ, ಮನೆಯಲ್ಲಿ ಎಣ್ಣೆ ಹಚ್ಚಿ ಕಂದಾದ ಕಟ್ಟು ಇದ್ದು, ಕಾಡಿಗೆ ತುಂಬಿದ ಅಕ್ಷರ ಇದೆ ಅಂತ ಅನುಮಾನ ಇದ್ದರೆ ಮಾತ್ರ ತಗೊಳ್ಳಿ. ಅದಕ್ಕೂ ಮೊದಲು ಹಳೇ ವೆಬ್‌ಕ್ಯಾಮ್ ಒಂದನ್ನು ಬಿಚ್ಚಿ ಒಳಗಿನ ಚಿಕ್ಕ ಗಾಜು ತೆಗೆದು, ಕತ್ತಲಲ್ಲಿ 850ರ ದೀಪ ಹಾಕಿ ಒಂದು ಗರಿ ನೋಡಿ. ಚಿತ್ರ ಕೆಟ್ಟದಾಗಿಯೇ ಬರುತ್ತದೆ, ಆದರೆ ಅಕ್ಷರ ಕಾಣುತ್ತದೋ ಇಲ್ಲವೋ ಅಂತ ಸಾವಿರ ರೂಪಾಯಿಯ ಒಳಗೆ ಗೊತ್ತಾಗಿಬಿಡುತ್ತದೆ. ಗರಿ ಮುಟ್ಟಿದರೆ ಪುಡಿಯಾಗುವಂತಿದ್ದರೆ ಕ್ಯಾಮೆರಾ ಮರೆತುಬಿಡಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ, ಇದೇ ಕೆಲಸ ಮಾಡಿ ಅಭ್ಯಾಸ ಇರುವವರನ್ನು ಮೊದಲು ಕೇಳಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಅಲ್ಲೇ. ಮತ್ತೆ ದಯವಿಟ್ಟು, ಫೋಟೋಗೆ ಚೆನ್ನಾಗಿ ಕಾಣಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

ಕಟ್ಟು ಈಗ ಅಟ್ಟದಲ್ಲಿಲ್ಲ. ದೊಡ್ಡಪ್ಪನ ಕೋಣೆಯ ಮರದ ಪೆಟ್ಟಿಗೆಯಲ್ಲಿದೆ, ಹೊಸ ದಾರ ಹಾಕಿದ್ದೇವೆ. ಈ ನವರಾತ್ರಿಯಲ್ಲಿ ಎಣ್ಣೆ ಬೇಡ ಅಂತ ನಾನು, ಹಚ್ಚದೆ ಪೂಜೆ ಹೇಗೆ ಅಂತ ದೊಡ್ಡಮ್ಮ. ಸ್ವಲ್ಪ ಹೊತ್ತು ವಾದ ನಡೆದು, ಕೊನೆಗೆ ಅವರು ಬೆಳ್ಳಿ ಬಟ್ಟಲಿನ ಕೊಬ್ಬರಿ ಎಣ್ಣೆಯನ್ನು ಪೆಟ್ಟಿಗೆಯ ಬಿಜಾಗರಿಗೆ ಹಚ್ಚಿದರು.